ಕಾಲುವೆಗೆ ನೀರು ಬಂತು, ಕೂಸಿಗೆ ನಿದ್ದೆ ಬರಲಿಲ್ಲ

ಮೊನ್ನೆ ಎದುರುಮನೆಯ ಹುಡುಗ, ಹುಡುಗ ಎಂದರೆ ಈಗ ಒಂದು ಕೂಸಿನ ಅಪ್ಪ, ಕೆಂಪು ಕಣ್ಣು ಮಾಡಿಕೊಂಡು ಬಂದು, "ಕಾಕಾ, ಕೂಸು ಮಲಗವಲ್ದು" ಎಂದ. ನನಗೆ ಎಷ್ಟು ಖುಷಿಯಾಯಿತೆಂದರೆ ಕೂಡಲೇ ಒಳಗೆ ಕೂಗಿ ಎರಡು ಕಪ್ ಚಹಾ ಹೇಳಿದೆ. ನಮ್ಮ ಕಡೆ ಭತ್ತದ ತಳಿ ಬದಲಾಯಿತು, ಬಸ್ಸಿನ ಬಣ್ಣ ಬದಲಾಯಿತು, ಕೂಸುಗಳು ಮಾತ್ರ ಹಳೇ ಕಾಯಿದೆಯನ್ನೇ ನಡೆಸಿಕೊಂಡು ಬಂದಿವೆ. ದೊಡ್ಡವರ ಕಣ್ಣು ಎಳೆಯುವ ಹೊತ್ತಿಗೇ ಅವಕ್ಕೆ ಎಚ್ಚರ.

ನಮ್ಮ ಕಾಲದ ಮಾತು. ನಾನು ಗುಲಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ ಕಾಲುವೆ ಕೆಲಸಕ್ಕೆ ಸೂಪರ್‌ವೈಸರ್ ಆಗಿ ಸೇರಿದ್ದೆ. ಸಿಂಧನೂರು ಮತ್ತು ಮಸ್ಕಿ ನಡುವೆ, ಹೊಲದ ಮಧ್ಯೆ ನಮ್ಮ ಕ್ಯಾಂಪು, ತಗಡಿನ ಮನೆಗಳು. ಬಾಣಂತನ ಮುಗಿಸಿಕೊಂಡು ಹೆಂಡತಿ ಲಿಂಗಸುಗೂರಿನ ತವರಿನಿಂದ ಬಂದಳು. ಅವಳ ಸೊಂಟದ ಮೇಲೆ ನಮ್ಮ ಮಗಳು. ಆ ಮಗಳು ನಿದ್ದೆಯನ್ನು ಅಜ್ಜಿಯ ಮನೆಯಲ್ಲೇ ಮರೆತು ಬಂದಿದ್ದಳು. ಬೇಸಿಗೆ ಮುಗಿಯುವಷ್ಟರಲ್ಲಿ ಹೆಂಡತಿ ನಿಂತಲ್ಲೇ ಜೋಲಿ ಹೊಡೆಯತೊಡಗಿದಳು. ಒಂದು ದಿನ ಸಾರಿಗೆ ಉಪ್ಪಿನ ಬದಲು ರಂಗೋಲಿ ಪುಡಿ ಬಿತ್ತು.

ಉಂಡು ಕೈತೊಳೆದ ಮೇಲೆ ಹೇಳಿದಳು: "ನೋಡ್ರಿ, ನಾಗರಪಂಚಮಿ ತನಕಾ ನೋಡ್ತೀನಿ. ತಮ್ಮ ಕರಿಯಾಕ ಬರ್ತಾನ. ಅಷ್ಟರಾಗ ಇಕಿ ಮಲಗೋದು ಕಲೀಲಿಲ್ಲಂದ್ರ ಹೋದಾಕಿ ಬರಾಂಗಿಲ್ಲ. ಅಲ್ಲೆ ಅವ್ವ ಅದಾಳ, ಅತ್ತಿಗೇರು ಅದಾರ. ಒಬ್ಬರಾದ ಮ್ಯಾಲ ಒಬ್ಬರು ಮಲಗಬಹುದು."

"ಮತ್ತ ಬರೋದು ಯಾವಾಗ?"

"ಇಕಿಗೆ ವರ ನೋಡಾಕ."

ಅವಳಿಲ್ಲದ ತಗಡಿನ ಮನೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಅಂದಿನಿಂದ ಕೂಸನ್ನು ಮಲಗಿಸುವುದೇ ನನ್ನ ನಿಜವಾದ ನೌಕರಿಯಾಯಿತು. ಕಾಲುವೆ ಬರೀ ಸಂಬಳಕ್ಕೆ.

ಎಣ್ಣಿ ನೀರು

ಬಳಗಾನೂರಿನಿಂದ, ಕೂಸಿಗೆ ಎರೆಯುವುದರಲ್ಲಿ ಹೆಸರಾದ ಮುದುಕಿಯೊಬ್ಬಳನ್ನು ಕರೆಸಿದೆ. "ನನ್ನ ಕೈಯಾಗ ಎರಿಸಿಕೊಂಡ ಕೂಸು ಸಂಜಿ ತನಕಾ ಕಣ್ಣು ತಗ್ಯಾಂಗಿಲ್ಲ" ಎಂದಳು. ಕಾಲು ಚಾಚಿ ಕೂತು, ಮಗಳನ್ನು ಕಾಲ ಮೇಲೆ ಮಲಗಿಸಿ, ಔಡಲೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಲೋಬಾನದ ಹೊಗೆ ಹಾಕಿ, ಬಟ್ಟೆಯಲ್ಲಿ ಸುತ್ತಿದಳು. ತಾನೂ ಗೋಡೆಗೆ ಒರಗಿದಳು.

ಹೊಗೆ ಕರಗಿದ ಮೇಲೆ ಒಳಗೆ ಹೋಗಿ ನೋಡುತ್ತೇನೆ, ಮುದುಕಿ ಗೊರಕೆ ಹೊಡೆಯುತ್ತಿದ್ದಾಳೆ. ನಮ್ಮ ಮಗಳು ಬಟ್ಟೆಯಿಂದ ಕೈ ಬಿಡಿಸಿಕೊಂಡು ಅವಳ ಮೂಗುತಿ ಹಿಡಿದು ಆಡುತ್ತಿದ್ದಾಳೆ. ಮುದುಕಿಗೆ ಮಧ್ಯಾಹ್ನ ಎಚ್ಚರವಾಯಿತು.

"ನೋಡಿದಿರಿಲ್ಲೋ, ಹೆಂಗ ನಿದ್ದಿ ಬಂತು!"

"ಯಾರಿಗೆ ಯವ್ವಾ?"

ಕೂಸಿನ ಕಡೆ ತಿರುಗಿ ನೋಡಿದಳು. ಸ್ವಲ್ಪವೂ ಅಳುಕಲಿಲ್ಲ. "ಇದಕ್ಕ ಇನ್ನೂ ಎಣ್ಣಿ ಹತ್ತಿಲ್ಲ ರೀ. ನಾಳಿ ಮತ್ತ ಬರ್ತೀನಿ. ಗ್ವಾಡಿಗೆ ಬೆನ್ನು ಒತ್ತತೈತಿ, ಒಂದು ತಲಿದಿಂಬು ಇಟ್ಟಿರ್ರಿ."

ಗಟ್ಟಿ ದಂಡೆ

ಸದ್ದಿನಿಂದಲೇ ಕೂಸು ಏಳುತ್ತದೆ ಎಂದು ಯಾರೋ ಹೇಳಿದರು. ಕ್ಯಾಂಪಿನ ಮನೆಮನೆಗೂ ಹೋಗಿ ಕೈಮುಗಿದೆ. ಕುಟ್ಟುವವರು ಕುಟ್ಟುವುದು ಬಿಟ್ಟರು, ಬೈಯುವವರು ಪಿಸುಮಾತಿನಲ್ಲಿ ಬೈದರು. ಅಷ್ಟರಲ್ಲಿ ಕಾಲುವೆ ದಂಡೆ ಒತ್ತುವ ರೋಲರ್ ನಮ್ಮ ಮನೆ ಮುಂದೆಯೇ ಬಂತು. ತಗಡೆಲ್ಲ ಗಡಗಡ. ಓಡಿಹೋಗಿ ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಒಳಗಿಂದ ಕಿಟಾರನೆ ಕೂಗು!

ಹೆಂಡತಿ ಬಾಗಿಲಿಗೆ ಬಂದಳು. "ಯಾಕ ನಿಲ್ಲಿಸಿದ್ರಿ? ಈಗ ಮಲಗಿತ್ತು!"

ರೋಲರಿನ ಡ್ರೈವರ್ ತೆಲುಗಿನವನು, ಮಕ್ಕಳೊಂದಿಗ. ಮತ್ತೆ ಶುರು ಮಾಡಿದ. ಕೂಸು ತೆಪ್ಪಗಾಯಿತು. ಹೆಂಡತಿ ಅವನಿಗೆ ರೊಟ್ಟಿ-ಪಲ್ಯ ಕೊಟ್ಟು, "ಅಣ್ಣಾ, ಅಲ್ಲೇ ಕುಂತು ಉಣ್ಣು, ಮಿಷನ್ ಮಾತ್ರ ಆರಿಸಬ್ಯಾಡ" ಎಂದಳು. ಅವನು ಒಂದೇ ಜಾಗದಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ, ದಿನಗಟ್ಟಲೆ.

ಎಂಜಿನಿಯರ್ ಸಾಹೇಬರು ತಪಾಸಣೆಗೆ ಬಂದರು. ನಮ್ಮ ಮನೆ ಮುಂದಿನ ದಂಡೆಗೆ ಹಾರೆ ಹಾಕಿಸಿದರೆ ಹಾರೆ ಠಣ್ ಎಂದು ಮೇಲೆ ಪುಟಿಯಿತು. "ಭೇಷ್! ಏನು ಗಟ್ಟಿ ರೀ! ದಂಡಿ ಉದ್ದಕ್ಕೂ ಹಿಂಗ ಮಾಡಿಸ್ರಿ" ಎಂದರು.

"ಆಗಂಗಿಲ್ಲ ರೀ ಸಾಹೇಬ್ರ" ಎಂದೆ. "ನನಗಿರೋದು ಒಂದೇ ಕೂಸು."

ಉರ್ದು ಮಗ್ಗಿ

ರೋಲರ್ ಜವಳಗೇರಾ ಕಡೆಗೆ ಹೋಯಿತು, ಅದರ ಹಿಂದೆ ನಿದ್ದೆಯೂ ಹೋಯಿತು. ಜೋಗುಳ ಹೇಳಿ ಹೇಳಿ ಹೆಂಡತಿಯ ಗಂಟಲು ಕಟ್ಟಿತು. ನನಗೆ ಜೋಗುಳ ಬಾರದು. ನಿಜಾಮರ ಕಾಲದ ಶಾಲೆಯಲ್ಲಿ ಕಲಿತ ಉರ್ದು ಮಗ್ಗಿ ಬರುತ್ತಿತ್ತು. ಅದನ್ನೇ ರಾಗವಾಗಿ ಎಳೆಯುತ್ತ ತೊಟ್ಟಿಲು ತೂಗಿದೆ.

ನನ್ನನ್ನು ಕರೆಯಲು ಆಫೀಸಿನಿಂದ ಜವಾನ ಬಂದ. ಅವನು ತಿರುಗಿ ಹೋಗಲಿಲ್ಲವೆಂದು ಗುಮಾಸ್ತರು ಬಂದರು. ಇಬ್ಬರೂ ತಿರುಗಿ ಹೋಗಲಿಲ್ಲವೆಂದು ಕೊನೆಗೆ ಸಾಹೇಬರೇ ಬಂದರು. ಕಟ್ಟೆಯ ಮೇಲೆ ಜವಾನ ಉರುಳಿದ್ದ, ಗುಮಾಸ್ತರು ಕಂಬ ತಬ್ಬಿಕೊಂಡು ಮಲಗಿದ್ದರು. ಕೂಸು ಮಾತ್ರ ಕಣ್ಣರಳಿಸಿ, ಮುಂದಿನದು ಹೇಳು ಎಂಬಂತೆ ಕಾಲು ಬಡಿಯುತ್ತಿತ್ತು.

ಬೈಯಲಿಕ್ಕೆ ಬಂದ ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಮೊದಲ ಆ ಮಗ್ಗಿ ನಿಲ್ಲಿಸ್ರಿ. ಆಮ್ಯಾಲ ಬೈತೀನಿ. ನನಗೂ ಕಣ್ಣು ಎಳ್ಯಾಕತ್ತಾವ."

ಈ ವಾರ ಯಾರ ಕೂಸು?

ಮಳೆಗಾಲಕ್ಕೆ ಕಾಲುವೆಗೆ ನೀರು ಬಂತು. ನಮ್ಮ ಕ್ಯಾಂಪಿನ ಹತ್ತಿರ ಅದು ಎರಡಾಗುತ್ತಿತ್ತು. ಎಡಗಾಲುವೆಯ ನೀರು ನಮ್ಮ ಹಿತ್ತಲಲ್ಲೇ ಭೋರೆಂದು ಧುಮುಕುತ್ತಿತ್ತು. ಬಲಗಾಲುವೆಯದು ದೂರದ ಬೇವಿನ ಗಿಡದ ಬುಡದಲ್ಲಿ. ಒಂದು ವಾರ ಎಡಕ್ಕೆ, ಒಂದು ವಾರ ಬಲಕ್ಕೆ ಪಾಳಿ ಪ್ರಕಾರ ನೀರು ಬಿಡಿಸುವುದು ನನ್ನ ಕೆಲಸ. ಎಡದ ವಾರ ಹಿತ್ತಲ ಭೋರ್ಗರೆತಕ್ಕೆ ಕೂಸು ಸತ್ತಂತೆ ಮಲಗಿತು. ಬಲದ ವಾರ ಹಿತ್ತಲು ಮೌನವಾಯಿತು, ಕೂಸಿನ ಬಾಯಿ ತೆರೆಯಿತು.

ಇದು ಎಡಗಡೆಯ ರೈತರಿಗೆ ಗೊತ್ತಾಗಿಹೋಯಿತು. ತಮ್ಮ ಪಾಳಿ ಇಲ್ಲದ ವಾರವೇ ಬಂದು ತೊಟ್ಟಿಲಲ್ಲಿ ಇಣುಕುವರು. "ಸಾಹೇಬ್ರ, ಕೂಸಿನ ಸಂಕಟ ನೋಡಾಕ ಆಗವಲ್ದು. ನಮಗೇನೂ ಬ್ಯಾಡ್ರಿ, ಹಸಗೂಸಿನ ಸಲುವಾಗಿಯಾದ್ರೂ ಒಂದೀಟು ನೀರು ಈ ಕಡಿ ತಿರುವ್ರಿ."

ಈ ಮಾತು ಬಲಗಡೆಯವರ ಕಿವಿಗೆ ಬಿತ್ತು. ಪಂಚಮಿಗೆ ಅಕ್ಕನನ್ನು ಕರೆಯಲು ನನ್ನ ಹೆಂಡತಿಯ ತಮ್ಮ ಬಂದ ದಿನವೇ ಅವರೂ ದಂಡು ಕಟ್ಟಿಕೊಂಡು ಬಂದರು. ಕಟ್ಟೆಯ ಮೇಲೆ ಹೆಂಡತಿಯ ಟ್ರಂಕು ಸಿದ್ಧವಾಗಿತ್ತು. ಅವರಲ್ಲಿ ಹಿರಿಯನಾದ ಗೌಡ ಕೇಳಿದ: "ನೀರು ಪಾಳಿ ಪ್ರಕಾರ ಬಿಡಾಕತ್ತೀರೋ, ಕೂಸಿನ ಪ್ರಕಾರ ಬಿಡಾಕತ್ತೀರೋ?"

"ಪಾಳಿ ಪ್ರಕಾರನ ರೀ. ಈ ವಾರ ನಿಮ್ಮದು. ಅದಕ್ಕ ನೋಡ್ರಿ, ಹೆಂಗ ಅಳಾಕತ್ತೈತಿ!"

ಗೌಡ ಅಳು ಕೇಳಿದ. ಸಾಕ್ಷಿ ಪಕ್ಕಾ ಇತ್ತು. ಆಮೇಲೆ ಟ್ರಂಕು ನೋಡಿದ. "ಅಮ್ಮಾರು ಎಲ್ಲಿಗೆ ಹೊಂಟಾರ?"

"ತವರಿಗೆ ಯಪ್ಪಾ. ನಿದ್ದಿ ಮಾಡಾಕ" ಎಂದಳು ಹೆಂಡತಿ.

ಗೌಡ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ನೀರು ಕೂಸಿನ ಕಡಿ ಬರಾಂಗಿಲ್ಲಂದ್ರ ಕೂಸು ನೀರಿನ ಕಡಿ ಬರ್ಲಿ. ಎತ್ರಲೇ ತೊಟ್ಟಿಲಾ!"

ನಾಲ್ವರು ತೊಟ್ಟಿಲು ಹೊತ್ತು ಬೇವಿನ ಗಿಡದ ಟೊಂಗೆಗೆ ಕಟ್ಟಿದರು. ಪಕ್ಕದಲ್ಲಿ ಬಲಗಾಲುವೆ ಭೋರ್ಗರೆಯುತ್ತಿತ್ತು. ಮಗಳು ಒಮ್ಮೆ ಆಕಳಿಸಿ ಕಣ್ಣು ಮುಚ್ಚಿದಳು. ಎಡಗಡೆಯವರು ಓಡಿ ಬಂದು, "ನಮ್ಮ ಕೂಸನ್ನ ಒಯ್ದ್ರ ಹೆಂಗ?" ಎಂದು ಜಗಳ ತೆಗೆದರು.

"ಈ ವಾರ ನೀರು ನಮ್ಮದು, ಕೂಸೂ ನಮ್ಮದು" ಎಂದ ಗೌಡ. "ಮುಂದಿನ ವಾರ ಎರಡೂ ಒಯ್ರಿ."

ಭಾಮೈದನನ್ನು ತೊಟ್ಟಿಲ ಕಾವಲಿಗೆ ಕೂಡಿಸಿ ಮನೆಗೆ ಬಂದೆ. ಹೆಂಡತಿ ಕಟ್ಟೆಯ ಮೇಲೆ ಟ್ರಂಕಿಗೇ ತಲೆಯಿಟ್ಟು ಮಲಗಿಬಿಟ್ಟಿದ್ದಳು. ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಹಾರನ್ ಕೇಳಿಸಿತು. ಭಾಮೈದ ಅಲ್ಲಿಂದ ಓಡಿ ಬಂದ. "ಮಾಮಾ, ಬಸ್ ಬಂತು. ಅಕ್ಕನ್ನ ಎಬ್ಬಸ್ರಿ."

"ನೀನ ಎಬ್ಬಸಪಾ. ನನಗ ಧೈರ್ಯ ಇಲ್ಲ."

ಅವನು ಅಕ್ಕನ ಮುಖ ನೋಡಿದ. ಬೇವಿನ ಗಿಡದ ಕಡೆ ತಿರುಗಿ ನಡೆದ.

ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಎಚ್ಚರವಾಯಿತು. "ಬಸ್ ಹೋತೇನ್ರಿ?"

"ಹೋತು."

"ಕೂಸು?"

"ಮಲಗೈತಿ. ನಿನ್ನ ತಮ್ಮನೂ ಅದರ ಬಾಜೂಕ ಮಲಗ್ಯಾನ."

ಮೆಲ್ಲಗೆ ಮೈಮುರಿದಳು. "ಪಂಚಮಿ ಉಂಡಿ ಇಲ್ಲೇ ಕಟ್ಟಿದ್ರಾತು."

ನನಗೆ ಕುಣಿಯಬೇಕೆನಿಸಿತು. "ಹಂಗಾದ್ರ ಇಲ್ಲೇ ಇರ್ತೀಯಲ್ಲ?"

"ಇರ್ತೀನಿ" ಎಂದು ಮತ್ತೆ ಕಣ್ಣು ಮುಚ್ಚುತ್ತ ಹೇಳಿದಳು. "ಆದ್ರ ನೀವು ಭಾಳ ಗೊರಕಿ ಹೊಡಿತೀರಿ. ಆ ಗೌಡಗ ಒಂದು ಮಾತು ಹೇಳ್ರಿ, ನಿಮ್ಮ ಹಾಸಿಗೀನೂ ಆ ಗಿಡದ ಕೆಳಗ ಒಯ್ದು ಹಾಸ್ಲಿ."