ಬೇಡದ್ದೆಲ್ಲ ಆಫ್

ಉರಿಯುವ ದೀಪ, ತಿರುಗುವ ಫ್ಯಾನು, ಒಟ್ಟಿನಲ್ಲಿ ಆನ್ ಆಗಿರುವ ಏನನ್ನು ಕಂಡರೂ ನರಸಿಂಹಯ್ಯನವರ ಕೈ ತುರಿಸುತ್ತದೆ. ದೊಡ್ಡಬಳ್ಳಾಪುರದಲ್ಲಿ ಅವರದು ನಾಲ್ಕು ಪವರ್‌ಲೂಮ್ ಮಗ್ಗಗಳ ಶೆಡ್ಡು. ಅವರು ಒಂದು ಸುತ್ತು ಹಾಕಿ ಹೋದರೆ ಮಗ್ಗ ಬಿಟ್ಟು ಉಳಿದದ್ದೆಲ್ಲ ಆಫ್ ಆಗಿರುತ್ತದೆ. ತಬ್ರೇಜನ ಇವತ್ತಿನ ಗ್ರಹಚಾರಕ್ಕೆ ಮೂಲ ಆ ತುರಿಕೆಯೇ.

ಹೋದ ತಿಂಗಳು ಮಗ್ಗ ನಡೆಸುವ ಹಳೇ ಕಂಪ್ಯೂಟರು ತೆವಳತೊಡಗಿದಾಗ, ಕಂಪ್ಯೂಟರ್ ರಿಪೇರಿಯ ತಬ್ರೇಜ್ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶಕ್ಕೆ ಹೊಸ ಕರ್ನಲ್ ಕಟ್ಟಲು ಕೂತಿದ್ದ. ಕರ್ನಲ್ ಅಂದರೆ ಕಂಪ್ಯೂಟರಿನ ಒಳಗಿನ ಯಜಮಾನ. ಆ ಯಜಮಾನನಿಗೆ ಯಾವ್ಯಾವ ಕೆಲಸ ಗೊತ್ತಿರಬೇಕು ಎಂದು ಉದ್ದನೆಯ ಪಟ್ಟಿಯೊಂದರಲ್ಲಿ ಆನ್, ಆಫ್ ಮಾಡುತ್ತ ಹೋಗಬೇಕು. ಹೊರಗಿನ ಯಜಮಾನರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತರು.

“ಜಾಯ್‌ಸ್ಟಿಕ್ಕಾ? ಇಲ್ಲಿ ಆಟ ಆಡೋರು ಯಾರಪ್ಪಾ? ಆಫ್ ಮಾಡು. ಇದೇನಿದು, ಇಂಡಸ್ಟ್ರಿಯಲ್ ಐಓ? ಇಂಡಸ್ಟ್ರಿ ಅಂತ ಬರ್ದೈತಲ್ಲೋ! ಕರೆಂಟ್ ಆಫೀಸ್ನೋರು ನೋಡಿದ್ರೆ ನಮ್ಮ ಮಗ್ಗದ ರಿಯಾಯ್ತಿ ಕಿತ್ತಾಕ್ತಾರೆ. ಮೊದ್ಲು ಆಫ್ ಮಾಡು!”

ತಬ್ರೇಜ್ ನಗುತ್ತಲೇ ಆಫ್ ಮಾಡಿದ್ದ. ಮೂರು ದಿನಕ್ಕೆ ಮರೆತೂಬಿಟ್ಟಿದ್ದ.

ಮೊನ್ನೆಯ ಸಿಡಿಲಿಗೆ ನೂಲಿನ ಬಿಗಿ ಅಳೆಯುವ ಪೆಟ್ಟಿಗೆ ಸುಟ್ಟುಹೋಯಿತು. ಅದಿಲ್ಲದೆ ಮಗ್ಗ ಓಡದು. ಸೀರೆಯ ಸೆರಗಿನಲ್ಲಿ ನವಿಲು ಕತ್ತಿನವರೆಗೆ ಬಂದು, ತಲೆಯಿಲ್ಲದೆ ನಿಂತಿತ್ತು. ಹೊಸ ಪೆಟ್ಟಿಗೆಯೇನೋ ಬಂದಿತ್ತು. ಅದರ ಮಾತು ಕರ್ನಲ್ಲಿಗೆ ತಿಳಿಯುವಂತೆ ಮಾಡುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಕಟ್ಟಿಕೊಟ್ಟರಾಯಿತು, ಅರ್ಧ ಗಂಟೆ ಕೆಲಸ ಎಂದುಕೊಂಡು ತಬ್ರೇಜ್ ಇವತ್ತು ಹನ್ನೊಂದಕ್ಕೆ ಶೆಡ್ಡಿಗೆ ಬಂದ.

ಅವನ ಜೀವವೆಲ್ಲ ಸಂಜೆ ನಾಲ್ಕರ ಮೇಲಿತ್ತು. ಹೊಸಕೋಟೆಯಿಂದ ಹುಡುಗಿ ಕಡೆಯವರು ಅವನನ್ನು ನೋಡಲು ಬರುವವರಿದ್ದರು. ಹುಡುಗಿ ತಂಜೀಲಾಳ ಫೋಟೋ ನೋಡಿದಂದಿನಿಂದ ಅವನಿಗೆ ನಿದ್ದೆಯೇ ಸರಿಯಾಗಿಲ್ಲ. “ಬಸ್‌ಸ್ಟ್ಯಾಂಡಿಗೆ ಬಂದು ಫೋನ್ ಮಾಡಿ, ನಾನೇ ಬಂದು ಕರ್ಕೊಂಡೋಗ್ತೀನಿ” ಎಂದು ಅವಳ ತಂದೆ ಗಫಾರ್ ಸಾಹೇಬರಿಗೆ ಹೇಳಿದ್ದ.

ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ಖಲೀಲ್ ಮಧ್ಯಾಹ್ನ ಫೋನ್ ಮಾಡಿದ. “ಶರ್ಟ್ ಇಸ್ತ್ರಿ ಮಾಡ್ಸಿದ್ದೀಯೇನೋ ಮದುಮಗ? ಎಲ್ಲಿದೀಯಾ?”

“ಯಾವ್ದೋ ಶೆಡ್ಡಲ್ಲಿ ಸಿಕ್ಕಾಕ್ಕೊಂಡಿದೀನಿ, ಇಡೋ!” ಎಂದು ತಬ್ರೇಜ್ ಫೋನನ್ನು ಬಾಗಿಲ ಬಳಿ ಚಾರ್ಜಿಗೆ ಹಾಕಿ ಬಂದ.

ಡ್ರೈವರ್ ಕಟ್ಟಲು ಹೋದಾಗಲೆಲ್ಲ ತೆರೆಯ ತುಂಬ ತಪ್ಪುಗಳು ಸುರಿಯುತ್ತಿದ್ದವು. ನೇಯುವ ಪಿಳ್ಳಣ್ಣ, “ನಮ್ಮ ಟೀವೀನೂ ಹಿಂಗೇ ಆಡ್ತಿತ್ತು” ಎಂದು ಕಂಪ್ಯೂಟರಿನ ನೆತ್ತಿಗೆ ಎರಡು ಏಟು ಕೊಟ್ಟ. ಕಂಡಿಕೆಗೆ ನೂಲು ಸುತ್ತುವ ಪಾಪಕ್ಕ, “ಪೂಜೆ ಮಾಡ್ದೆ ಶುರು ಮಾಡಿದ್ರೆ ಇನ್ನೇನಾಯ್ತದೆ?” ಎಂದು ಹೊಸ ಪೆಟ್ಟಿಗೆಗೆ ಕುಂಕುಮ ಹಚ್ಚಿದಳು. ಕುಂಕುಮ ಕೇಬಲ್ ಚುಚ್ಚುವ ತೂತಿಗೆ ಇಳಿಯಿತು. ಅದನ್ನು ಪಿನ್ನಿನಿಂದ ಕೆರೆದು ತೆಗೆಯಲು ಮುಕ್ಕಾಲು ಗಂಟೆ. ಎಲ್ಲರೂ ಚಹಾಕ್ಕೆ ಎದ್ದಾಗ ನರಸಿಂಹಯ್ಯನವರು ಕಂಪ್ಯೂಟರನ್ನೇ ಆಫ್ ಮಾಡಿದರು. ಮತ್ತೆ ಮೊದಲಿನಿಂದ.

ಡ್ರೈವರಿಗೆ ಬೇಕಾದದ್ದೊಂದು ಕರ್ನಲ್ಲಿನಲ್ಲಿ ಇಲ್ಲವೆಂದು ತಬ್ರೇಜನಿಗೆ ಗೊತ್ತಾಯಿತು. ಪಟ್ಟಿಯಲ್ಲಿ ಹುಡುಕಿದ, ಅದರ ಹೆಸರೇ ಇಲ್ಲ. ತಾನೇ ಕೈಯಾರೆ ಬರೆದು ಸೇರಿಸಿದ. ಕರ್ನಲ್ ಅದನ್ನು ಅಳಿಸಿಹಾಕಿತು. ಮತ್ತೆ ಬರೆದ, ಮತ್ತೆ ಅಳಿಸಿತು. ಮೂರನೇ ಸಲ ಅವನಿಗೆ ಅಳುವೇ ಬಂತು.

ಮೂರೂವರೆಗೆ ತಲೆಯೊಳಗೆ ಬೆಳಕಾಯಿತು. “ಅಪ್ಪನ್ನ ಆಫ್ ಮಾಡಿದ್ರೆ ಮಕ್ಕಳು ಪಟ್ಟೀಲೇ ಕಾಣಲ್ಲ ಯಜಮಾನ್ರೇ! ಅವತ್ತು ನೀವು ಆಫ್ ಮಾಡ್ಸಿದ್ರಲ್ಲ ಇಂಡಸ್ಟ್ರಿಯಲ್ಲು, ಅದೇ ಇದರ ಅಪ್ಪ!”

“ನಾನು ಬೇಡದ್ದನ್ನ ಆಫ್ ಮಾಡು ಅಂದೆ, ಬೇಕಾದ್ದನ್ನ ಅಂದ್ನಾ?” ಎಂದರು ನರಸಿಂಹಯ್ಯನವರು.

ಅಪ್ಪ ಆನ್ ಆದ. ಮಕ್ಕಳೆಲ್ಲ ಸಾಲಾಗಿ ಕಾಣಿಸಿಕೊಂಡವು. ಕರ್ನಲ್ ಕಟ್ಟಿ ಮುಗಿಯಲು ಹೊತ್ತು ಹಿಡಿಯಿತು. ತಬ್ರೇಜ್ ಆಗಾಗ ಬಾಗಿಲ ಕಡೆ ಕಿವಿಗೊಡುತ್ತಿದ್ದ. ನಾಲ್ಕಾಯಿತು, ನಾಲ್ಕೂವರೆಯಾಯಿತು, ಫೋನ್ ಸದ್ದಿಲ್ಲ. ಬಸ್ಸು ತಡವಾಗಿದೆ, ದೇವರು ದೊಡ್ಡವನು ಎಂದುಕೊಂಡ. ಐದೂವರೆಗೆ ಡ್ರೈವರ್ ಕಟ್ಟಿಕೊಂಡಿತು, ಮಗ್ಗ ಖಟಖಟ ಎಂದಿತು, ನವಿಲಿಗೆ ತಲೆ ಬಂತು. ಪಾಪಕ್ಕ ಕೈ ಮುಗಿದಳು.

ತಬ್ರೇಜ್ ಓಡಿ ಹೋಗಿ ಫೋನ್ ಎತ್ತಿಕೊಂಡ. ತೆರೆ ಕಪ್ಪಗಿತ್ತು.

“ಅದಾ?” ಎಂದರು ನರಸಿಂಹಯ್ಯನವರು. “ಆಗಲೇ ನೂರು ಪರ್ಸೆಂಟ್ ಆಗಿತ್ತು ಕಣಪ್ಪಾ. ಸುಮ್ನೆ ಯಾಕೆ ಉರೀಬೇಕು ಅಂತ ಆಫ್ ಮಾಡ್ದೆ.”

ಆನ್ ಮಾಡಿದ ತಕ್ಷಣ ಖಲೀಲನ ಕರೆ ಬಂತು. “ಎಲ್ಲಿ ಸತ್ತೋಗಿದ್ದೆ ಲೇ? ಅವ್ರು ನಿಂಗೆ ಫೋನ್ ಮಾಡಿ ಮಾಡಿ ಸುಸ್ತಾಗಿ, ನನ್ನ ಅಂಗಡಿಗೇ ಬಂದು ಕೇಳಿದ್ರು. ಬಿಸಿಲಲ್ಲಿ ಬಂದೋರು ಅಂತ ಮನೆಗೆ ಕರ್ಕೊಂಡೋಗಿ ಚಹಾ ಕೊಡ್ಸಿದೆ. ‘ಹುಡುಗ ಫೋನೇ ಆಫ್ ಮಾಡ್ಕೊಂಡಿದ್ದಾನೆ ಅಂದ್ರೆ ಇಷ್ಟ ಇಲ್ಲ ಅಂತ ತಾನೇ?’ ಅಂದ್ರು ಗಫಾರ್ ಸಾಹೇಬ್ರು.”

“ನೀನೇನಂದೆ?”

“ನಂಗೆ ಬಾಯಿ ಬಿಡೋಕೇ ಬಿಡ್ಲಿಲ್ಲ ಗುರು. ‘ನಿಂಗೆ ಮದ್ವೆ ಆಗಿದ್ಯೇನಪ್ಪಾ?’ ಅಂತ ನನ್ನನ್ನೇ ಕೇಳಿದ್ರು. ದೊಡ್ಡೋರ ಹತ್ರ ಸುಳ್ಳು ಹೇಳೋಕಾಗುತ್ತಾ? ಇನ್ನೂ ಆಗಿಲ್ಲ ಅಂದೆ.”

ತಬ್ರೇಜ್ ಫೋನ್ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದ. ಅವನ ಮುಖ ಕಂಡು ನರಸಿಂಹಯ್ಯನವರಿಗೆ ನಿಜವಾಗಿಯೂ ಮರುಕ ಬಂತು. ಹತ್ತಿರ ಬಂದು ಬೆನ್ನು ತಟ್ಟಿ, “ಬೆವರ್ತಾ ಇದೀಯ, ಹೊರಗಡೆ ಗಾಳೀಲಿ ಕೂತ್ಕೋ ಹೋಗಪ್ಪಾ” ಎಂದರು. ಅವನು ಏಳುವುದರೊಳಗೆ ಅವನ ತಲೆಯ ಮೇಲಿನ ಫ್ಯಾನನ್ನು ಆಫ್ ಮಾಡಿದರು.