ಹೊಸನಗರದಲ್ಲಿ ಸೋತ ಟೆಸ್ಟು

ಆಟವೆಂದರೆ ಕಣ್ಣಿನಿಂದ ನೋಡುವಂಥದ್ದು ಎಂದು ಈಗಿನವರು ತಿಳಿದಿದ್ದಾರೆ. ಅವರ ತಪ್ಪೇನಿಲ್ಲ. ಟಿ.ವಿ.ಯ ಗುಂಡಿ ಒತ್ತಿದರೆ ಸಾಕು, ಬಿಟ್ಟಿಯಾಗಿ ಚೆಂಡು ನಡುಮನೆಗೇ ಬಂದು ಬೀಳುತ್ತದೆ. ಅದು ಹೇಗೆ ಬಿತ್ತು ಎಂದು ಇನ್ನೊಮ್ಮೆ ನಿಧಾನವಾಗಿ ತೋರಿಸುತ್ತಾರೆ. ನೋಡುವವನು ಆಕಳಿಸುತ್ತಾನೆ. ಆಟದ ಪ್ರಸಾರ ಈ ಮಟ್ಟಕ್ಕೆ ಬಂದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಅದರಲ್ಲಿ ಹೊಸನಗರದ ಶೀನಣ್ಣನ ಹೋಟೆಲಿಗೂ ಒಂದು ಪುಟ ಮೀಸಲಿಡಬೇಕೆಂದು ನನ್ನ ಕೋರಿಕೆ. ಅರವತ್ತರ ದಶಕದಲ್ಲಿ ಅಲ್ಲಿ ಜನ ಕ್ರಿಕೆಟ್ಟಿನ ಅರ್ಥ ಹೇಳಿಸಿಕೊಳ್ಳುತ್ತಿದ್ದರು. ಹೇಳುತ್ತಿದ್ದವನು ನಾನು.

ನಾನು ಆಗ ಅಲ್ಲಿನ ಹೈಸ್ಕೂಲಿಗೆ ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರು. ಪಾಠ ಮಾಡುವಾಗ ಬಿಟ್ಟರೆ ಉಳಿದ ಹೊತ್ತು ನನ್ನ ಬಾಯಿಂದ ಮಾತು ಹೊರಡುವುದು ಕಷ್ಟವಾಗಿತ್ತು. ತೀರ್ಥಹಳ್ಳಿಯಲ್ಲಿದ್ದ ನನ್ನ ಅಮ್ಮನಿಗೆ ಅದೇ ಚಿಂತೆ. ಕೆಳದಿ ಕಡೆಯ ಒಂದು ಸಂಬಂಧ ಎಲ್ಲ ಕೂಡಿಬಂದು, ಕೊನೆಗೆ ಹುಡುಗಿಯ ಸೋದರಮಾವ ಬಂದು ನನ್ನನ್ನು ಮಾತಾಡಿಸಿ ನೋಡಿದ್ದರು. ಅವರು ಕೇಳಿದ್ದಕ್ಕೆಲ್ಲ ನಾನು 'ಹೌದು' ಅಂದೆ. ಊಟ ಆಯಿತೇ, ಹೌದು. ಯಾವ ಕ್ಲಾಸಿಗೆ ಪಾಠ, ಹೌದು. 'ಹುಡುಗ ಒಳ್ಳೆಯವನೇ, ಆದ್ರೆ ಬಾಯಿ ಇಲ್ಲ' ಎಂದು ಹೇಳಿ ಕಳಿಸಿದರು. ಆಮೇಲೆ ಬಂದ ಇನ್ನೊಂದು ಸಂಬಂಧವೂ ಅದೇ ದಾರಿ ಹಿಡಿಯಿತು. ಅಮ್ಮ ಕಣ್ಣೀರು ಹಾಕಿದಳು. ನನಗೂ ಒಳಗೊಳಗೇ ಭಯ ಹತ್ತಿತ್ತು, ಸುಳ್ಳೇಕೆ ಹೇಳಲಿ.

ಇಂಥ ನನ್ನನ್ನು ಮಾತಿಗೆಳೆದದ್ದು ಶೀನಣ್ಣನ ರೇಡಿಯೋ. ಅದನ್ನು ಅವನು ಸಾಗರದಿಂದ ಬಸ್ಸಿನಲ್ಲಿ, ಹಸುಗೂಸನ್ನು ತರುವ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಟೆಸ್ಟ್ ಪಂದ್ಯ ಇದ್ದ ದಿನ ಹೋಟೆಲಿನ ಬೆಂಚುಗಳೆಲ್ಲ ತುಂಬಿ, ಉಳಿದವರು ಜಗಲಿಯ ಮೇಲೆ ಕೂರುತ್ತಿದ್ದರು. ಕಾಮೆಂಟರಿ ಇಂಗ್ಲಿಷಿನಲ್ಲಿ. ಅಲ್ಲಿದ್ದವರಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬನಿಗೆ. ಮೊದಲ ದಿನ, ಓವರ್ ಮುಗಿದ ಮೇಲೆ, 'ಎರಡು ರನ್ ಬಂತು' ಎಂದೆ. ಬಸ್ ಏಜೆಂಟ್ ರಾಮಪ್ಪನಿಗೆ ಸಿಟ್ಟು ಬಂತು.

'ಎಂತ ಮೇಷ್ಟ್ರೇ, ಅಂವ ಅಷ್ಟುದ್ದ ಹೇಳ್ದ. ನೀವು ಮೂರೇ ಮಾತಲ್ಲಿ ಮುಗಿಸಿದ್ರಿ. ಉಳಿದಿದ್ದೆಲ್ಲ ಎಲ್ಲಿ ಹೋಯ್ತು?'

ಆಗ ಶೀನಣ್ಣ ಒಂದು ವ್ಯವಸ್ಥೆ ಮಾಡಿದ. ನಮ್ಮ ಕಡೆ ತಾಳಮದ್ದಲೆಯ ಹುಚ್ಚು ಯಾರಿಗಿಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಗಂಟೆಗಟ್ಟಲೆ ಅರ್ಥ ಹೇಳುತ್ತಾನೆ, ಎದುರು ಪಾತ್ರದವನು ಅವನ ಮಾತಿಗೆ ಮಾತು ಕೊಟ್ಟು ವಾದಕ್ಕಿಳಿಯುತ್ತಾನೆ. 'ರೇಡಿಯೋದವನು ಭಾಗವತ ಅಂತ ಇಟ್ಕಳಿ. ಅಂವ ಒಂದು ಓವರ್ ಹಾಡ್ಲಿ. ನಾನು ದನಿ ಇಳಿಸ್ತೀನಿ. ನೀವು ಅರ್ಥ ಹೇಳಿ' ಎಂದ ಶೀನಣ್ಣ. ನಾನು ಹೆದರುತ್ತಲೇ ಶುರು ಮಾಡಿದೆ. ಆಶ್ಚರ್ಯವೆಂದರೆ, ನನ್ನ ಮಾತನ್ನಾಡಲು ಬಾರದ ಬಾಯಿಗೆ ಬ್ಯಾಟ್ಸ್‌ಮನ್ನನ ಮಾತು ಚೆನ್ನಾಗಿಯೇ ಒದಗಿಬಂತು. ಚೆಂಡನ್ನು ಹೊಡೆಯದೆ ಬಿಟ್ಟರೆ, ಯಾಕೆ ಬಿಟ್ಟೆ ಎಂಬುದನ್ನು ಅವನ ಬಾಯಲ್ಲೇ ಹೇಳಿಸುತ್ತಿದ್ದೆ. ಈ ಸಡಗರದಲ್ಲಿ ಒಂದೆರಡು ಓವರ್ ನಮ್ಮ ಕಿವಿಗೆ ಬೀಳದೆ ದಾಟಿಹೋದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಕೋಣಂದೂರಿನ ಸಂಬಂಧ ಬಂತು. ಫೋಟೋದಲ್ಲಿ ಹುಡುಗಿಯನ್ನು ನೋಡಿದ್ದೆ. ನೇರವಾಗಿ ನನ್ನನ್ನೇ ನೋಡುವ ಕಣ್ಣು. ಈ ಸಂಬಂಧವೂ ತಪ್ಪಿದರೆ ನಾನು ತಡೆದುಕೊಳ್ಳಲಾರೆ ಅನ್ನಿಸುವಷ್ಟು ಅವಳು ಹಿಡಿಸಿದ್ದಳು. ಹುಡುಗಿಯ ತಂದೆ ಸುಬ್ಬರಾಯರು ಯಾವತ್ತಾದರೂ ಹೇಳದೆ ಕೇಳದೆ ಬಂದು ಹುಡುಗನ ನಡೆನುಡಿ ನೋಡುತ್ತಾರಂತೆ ಎಂದು ಅಮ್ಮ ಹೇಳಿ ಕಳಿಸಿದ್ದಳು. ಅವರು ಬಂದದ್ದು ಟೆಸ್ಟಿನ ಕೊನೆಯ ದಿನದ ಮಧ್ಯಾಹ್ನ. ಅವತ್ತು ಶಾಲೆಗೆ ರಜೆ.

ಆ ದಿನ ನಮ್ಮವರ ಸ್ಥಿತಿ ಕೆಟ್ಟಿತ್ತು. ಗೆಲ್ಲುವ ಮಾತೇ ಇಲ್ಲ. ಕೊನೆಯ ಜೋಡಿ ಕ್ರೀಸಿನಲ್ಲಿತ್ತು. ಸಂಜೆಯವರೆಗೆ ನಿಂತರೆ ಡ್ರಾ, ಬಿದ್ದರೆ ಸೋಲು. ಹೋಟೆಲಿನಲ್ಲಿ ಕಾಫಿ ಕೇಳುವವರಿಲ್ಲ. ನಾನು ಬೆವರುತ್ತ ಅರ್ಥ ಹೇಳುತ್ತಿದ್ದೆ. ಶೀನಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, 'ಮೂಲೇಲಿ ಕರಿ ಟೋಪಿ ಹಾಕ್ಕೊಂಡು ಕೂತಾರಲ್ಲ, ಅವ್ರೇ ಕೋಣಂದೂರಿನ ಸುಬ್ಬರಾಯರು. ಸುಮ್ನೆ ಇರ್ಬೇಡಿ, ಚೆನ್ನಾಗಿ ಮಾತಾಡಿ' ಎಂದ. ನಾನು ಧೈರ್ಯ ತಂದುಕೊಂಡು, ಕೊನೆಯ ಬ್ಯಾಟ್ಸ್‌ಮನ್ನನ ಪರವಾಗಿ ದನಿ ಏರಿಸಿದೆ. 'ನನ್ನ ಹಿಂದೆ ಇನ್ನು ಯಾರೂ ಇಲ್ಲ ಎಂದು ಬಲ್ಲೆ. ಹಿಂದೆ ಯಾರೂ ಇಲ್ಲದವನಿಗೆ ಹಿಂದಡಿ ಇಡುವ ದಾರಿಯೂ ಇಲ್ಲ!'

ಜನ ಹೋ ಎಂದರು. ಅಷ್ಟರಲ್ಲಿ ಮೂಲೆಯಿಂದ ಗಂಟೆ ಬಾರಿಸಿದಂಥ ಒಂದು ದನಿ ಎದ್ದಿತು.

'ಭಲೇ! ದಾರಿ ಇಲ್ಲದೆ ನಿಂತದ್ದನ್ನು ಶೌರ್ಯವೆಂದು ಮಾರುತ್ತಿರುವೆಯಾ? ಹಾಗಾದರೆ ಬೋನಿಗೆ ಬಿದ್ದ ಇಲಿಯೂ ವೀರನೇ!'

ಸುಬ್ಬರಾಯರು ಎದುರು ಪಾತ್ರ ಹಿಡಿದುಬಿಟ್ಟಿದ್ದರು. ಬೌಲರ್ ಆಗಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲೂ ಅವರೆದುರು ಅರ್ಥ ಹೇಳಿ ಗೆದ್ದವರಿಲ್ಲ ಎಂಬುದು ನನ್ನೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತಂತೆ. ರಾಮಪ್ಪ ನನ್ನ ಬೆನ್ನಿಗೆ ಗುದ್ದಿ, 'ಬಿಡ್ಬೇಡಿ ಮೇಷ್ಟ್ರೇ! ನೀವು ಸೋತ್ರೆ ದೇಶ ಸೋತಂಗೆ!' ಎಂದ.

ನನ್ನ ಪಾಡು ನೀವೇ ಯೋಚಿಸಿ. ಮಾತಾಡದಿದ್ದರೆ ಬಾಯಿಲ್ಲದ ಹುಡುಗ. ಮಾತಾಡಿ ಗೆದ್ದರೆ, ಹೆಣ್ಣು ಕೊಡಲು ಬಂದವರನ್ನು ಹತ್ತು ಜನರೆದುರು ಸೋಲಿಸಿದ ಅಧಿಕಪ್ರಸಂಗಿ. ಸೋತರೆ ಇಷ್ಟು ಜನರ ಮುಖಕ್ಕೆ ಮಸಿ. ಸದ್ಯಕ್ಕೆ ಗೆಲ್ಲದೆ ಸೋಲದೆ ನಿಲ್ಲುವುದೊಂದೇ ನನಗೆ ಉಳಿದದ್ದು. ಅವರು ನೆರಳು ಉದ್ದವಾಗುತ್ತಿದೆ ಎಂದರು. ನೆರಳು ನಿನ್ನದೂ ಉದ್ದವಾಗುತ್ತಿದೆ ಎಂದೆ. ನನ್ನ ಕೈಚಳಕ ಕಾಣೆಯಾ ಎಂದರು. ಇಷ್ಟು ಹೊತ್ತು ಕಂಡೂ ಕಂಡೂ ಕಣ್ಣು ಪಳಗಿದೆ ಎಂದೆ. ಶೀನಣ್ಣ ರೇಡಿಯೋದ ದನಿ ಇಳಿಸಿದವನು ಏರಿಸುವುದನ್ನೇ ಮರೆತಿದ್ದ. ಯಾರೂ ಅದರ ಕಡೆ ನೋಡಲಿಲ್ಲ. ಬಸ್ಸು ಬಂದು ನಿಂತು ಹಾರ್ನ್ ಹೊಡೆದರೂ ರಾಮಪ್ಪ ಏಳಲಿಲ್ಲ. ಡ್ರೈವರನೇ ಇಳಿದು ಬಂದು ಬಾಗಿಲಲ್ಲಿ ನಿಂತುಕೊಂಡ.

ಕೊನೆಗೆ ಸುಬ್ಬರಾಯರು ದನಿ ತಗ್ಗಿಸಿದರು. ಅವರು ಹಾಗೆ ತಗ್ಗಿಸಿದಾಗಲೇ ಹುಷಾರಾಗಿರಬೇಕು ಎಂದು ಬಲ್ಲವರು ಆಮೇಲೆ ಹೇಳಿದರು. 'ಬ್ಯಾಟು ನಿನ್ನ ಕೈಯಲ್ಲಿರಬಹುದು. ಆದರೆ ಚೆಂಡು ನನ್ನ ಕೈಯಲ್ಲಿ. ಕೊಡುವವನು ನಾನು. ಕೊಟ್ಟರೆ ಉಂಟು, ಬಂದದ್ದನ್ನು ಕಾಯುವುದಷ್ಟೇ ನಿನ್ನ ಪಾಲಿನದು. ಇನ್ನೊಬ್ಬರು ಕೊಡಲೆಂದು ಕಾದು ನಿಂತವನಿಗೆ ಇಷ್ಟು ಜಂಬವೇ?'

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಉತ್ತರ ಹೊಳೆಯಿತು. ಹೊಳೆಯಿತೇನು, ನಾಲಿಗೆಯ ತುದಿಗೇ ಬಂದು ಕೂತಿತು: 'ಇಷ್ಟು ಹೊತ್ತು ಕೊಟ್ಟೂ ಕೊಟ್ಟೂ, ಬರೀ ಕಾಯುವವನೊಬ್ಬನನ್ನು ಕದಲಿಸಲಾರದ ನಿನ್ನನ್ನು ಏನೆಂದು ಕರೆಯಲಿ?' ಆ ಒಂದು ಮಾತಿಗೆ ಮೂರು ತಾಲ್ಲೂಕಿನ ಹುಲಿ ಮಣ್ಣು ಮುಕ್ಕುತ್ತಿತ್ತು. ಬಾಯಿ ತೆರೆದೆ. ಕರಿ ಟೋಪಿಯ ಕೆಳಗಿನ ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿತ್ತು. ಫೋಟೋದಲ್ಲಿದ್ದುದೂ ಇದೇ ಕಣ್ಣು. ಬಾಯಿ ಮುಚ್ಚಿದೆ.

'ಹೋಯ್ತು!' ಎಂದು ರಾಮಪ್ಪ ತಲೆಯ ಮೇಲೆ ಕೈಹೊತ್ತ. 'ಔಟ್!' ಎಂದರು ಜಗಲಿಯ ಮೇಲಿದ್ದವರು. ಜನ ಎದ್ದು ಪಂಚೆ ಕೊಡವಿಕೊಂಡರು. ಆಗ ಶೀನಣ್ಣನಿಗೆ ನೆನಪಾಗಿ ದನಿ ಏರಿಸಿದ. ರೇಡಿಯೋದವನು ಸಂತೋಷದಿಂದ ಕೂಗುತ್ತಿದ್ದ. ಆಟ ಮುಗಿದಿದೆ, ಕೊನೆಯ ಜೋಡಿ ಬೀಳಲೇ ಇಲ್ಲ, ಪಂದ್ಯ ಡ್ರಾ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಒಬ್ಬರೂ ನಂಬಲಿಲ್ಲ.

'ಅದೆಂಗೆ ಆಗುತ್ತೆ?' ಎಂದ ರಾಮಪ್ಪ. 'ನೀವು ಬಾಯಿ ಮುಚ್ಚಿದ್ದು ನಾವೇ ಕಣ್ಣಾರೆ ನೋಡಿದೀವಲ್ಲ. ಅಂವ ಎಲ್ಲೋ ಕೂತು ಹೇಳ್ತಾನೆ, ಅವನಿಗೇನು ಗೊತ್ತು?'

ಮರುದಿನ ಬಂದ ಪತ್ರಿಕೆಯೂ ಡ್ರಾ ಎಂದೇ ಬರೆದಿತ್ತು. ಊರವರು ಅದನ್ನು ಓದಿ, ಅಲ್ಲಿ ಡ್ರಾ ಆಗಿರಬಹುದು, ಹೊಸನಗರದಲ್ಲಿ ಸೋತದ್ದು ಸೋತದ್ದೇ ಎಂದು ತೀರ್ಮಾನಿಸಿದರು. ನನ್ನ ತರಗತಿಯ ಮಕ್ಕಳೂ ಕೆಲವು ದಿನ ನನ್ನನ್ನು ದೇಶದ್ರೋಹಿಯನ್ನು ನೋಡುವಂತೆ ನೋಡಿದರು. ಸುಬ್ಬರಾಯರೋ, ನನ್ನ ಹತ್ತಿರ ಒಂದು ಮಾತೂ ಆಡದೆ ಅದೇ ಬಸ್ಸು ಹತ್ತಿ ಹೋಗಿದ್ದರು. ಕೋಣಂದೂರಿನಿಂದ ಸುದ್ದಿಯಿಲ್ಲದ ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ದೇಶವೂ ಹೋಯಿತು, ಹುಡುಗಿಯೂ ಹೋದಳು ಎಂದು ನಾನು ಕೈಚೆಲ್ಲಿ ಕೂತಾಗ ಅಮ್ಮನಿಂದ ಸುದ್ದಿ ಬಂತು. ಅವರು ಒಪ್ಪಿದ್ದರು.

ಹಿರಿಯರಿಗೆ ತಗ್ಗಿ ನಡೆದ ನನ್ನ ವಿನಯ ಅವರಿಗೆ ಮೆಚ್ಚುಗೆಯಾಯಿತೆಂದು ನಾನು ತುಂಬ ದಿನ ಬೀಗುತ್ತಿದ್ದೆ. ಮದುವೆಯಾಗಿ ಮೊದಲ ಹಬ್ಬಕ್ಕೆ ಕೋಣಂದೂರಿಗೆ ಹೋದಾಗ, ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಮಾವನವರು ತಾವಾಗಿಯೇ ಆ ಮಾತು ತೆಗೆದರು.

'ಅವತ್ತು ನಿಮಗೆ ಉತ್ತರ ಹೊಳೆದಿತ್ತು. ಗಂಟಲ ತನಕ ಬಂದಿದ್ದು ನನಗೆ ಕಾಣ್ತಿತ್ತು. ಎಂಥಾ ಉತ್ತರ ಅಂತಾನೂ ಗೊತ್ತು, ಅದಕ್ಕೆ ನನ್ನ ಹತ್ರ ಮಾತಿರಲಿಲ್ಲ. ಆದ್ರೆ ನೀವು ಅದನ್ನ ನುಂಗಿದ್ರಿ ನೋಡಿ, ಆಗಲೇ ನಿಶ್ಚಯ ಮಾಡಿದೆ. ಮಾತು ಬರೋ ಹುಡುಗರು ಬೇಕಾದಷ್ಟು ಸಿಗ್ತಾರೆ. ಬಂದ ಮಾತು ನುಂಗೋನು ಸಿಗೋದು ಕಷ್ಟ. ನಮ್ಮ ಹುಡುಗಿ ಜೊತೆ ಬಾಳೋಕೆ ಬೇಕಾದ್ದು ಅದೊಂದೇ.'

ಇದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. 'ಅಪ್ಪಯ್ಯಾ, ಊಟಕ್ಕೆ ಎಲೆ ಹಾಕಿ ಎಷ್ಟೊತ್ತಾಯ್ತು! ಇಬ್ರೂ ಏಳ್ತೀರೋ, ಇಲ್ಲ ನಾನೇ ಅಲ್ಲಿಗೆ ಬಂದು ಹೇಳ್ಬೇಕೋ?'

ಯಾರಿಗೂ ಸೋಲದ ಮಾವನವರು ತಟಕ್ಕನೆ ಎದ್ದು ನಿಂತು, ನನಗೆ ಕಣ್ಸನ್ನೆ ಮಾಡಿ, ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಅವರು ಮುಂದೆ, ನಾನು ಹಿಂದೆ, ಇಬ್ಬರೂ ಕೈಕಾಲು ತೊಳೆಯಲು ಹೋದೆವು.