ಚಹಾ ಚೆಲ್ಲಿದ ವರ

ಕನ್ಯೆ ನೋಡಲು ಹೋಗುವವರ ಜೊತೆಗೊಬ್ಬ ಹಿರಿಯ ಇರಬೇಕು. ನಮ್ಮ ಬಳಗದಲ್ಲಿ ಆ ಹಿರಿಯ ನಾನೇ, ಹಾಗಾಗಿ ಇಂಥ ಫಜೀತಿಗಳೂ ನನ್ನ ಪಾಲಿಗೇ. ಲಕ್ಷ್ಮೇಶ್ವರವಿರಲಿ, ಮುಂಡರಗಿಯಿರಲಿ, ಅದೇ ಜಮಖಾನೆ, ಅದೇ ಶಿರಾ-ಉಪ್ಪಿಟ್ಟು, "ಅಡಗಿ ಬರತೈತೇನವಾ?" ಎಂಬ ಅದೇ ಪ್ರಶ್ನೆ, ತಲೆ ತಗ್ಗಿಸಿ ಅದೇ "ಹೂನ್ರಿ". ಗದಗಿಗೆ ಮರಳುವಷ್ಟರಲ್ಲಿ ತಲೆಯೊಳಗೆ ಎಲ್ಲ ಕಲಸುಮೇಲೋಗರ.

ಈ ಸಲದ ವರ ನಮ್ಮಣ್ಣನ ಮಗ. ವಯಸ್ಸು ಮೀರುತ್ತಿತ್ತು. ಅವನಿಗೆ ಕನ್ಯೆ ಸಿಗದೇ ಹೋದೀತೆಂದು ನನಗೆ ನಿಜಕ್ಕೂ ಹೆದರಿಕೆಯಿತ್ತು.

೧. ಹಾಡಿದವಳು

"ಶಿಗ್ಲಿ ಹುಡುಗಿ ಛಲೋ ಅದಾಳ. ಹಾಡು ಅಂದ ಕೂಡ್ಲೆ ಎಷ್ಟ್ ಛಂದ ಹಾಡಿದ್ಲು" ಎಂದೆ ಹೆಂಡತಿಗೆ. ಅವಳೂ ಜೊತೆಗೆ ಬಂದಿದ್ದಳು.

"ಶಿಗ್ಲ್ಯಾಗ ಯಾರೂ ಹಾಡಿಲ್ರಿ."

"ನನ್ನ ಕಿವಿಲೆ ಕೇಳೇನಿ."

"ಕೇಳಿರಿ. ಹಾಡಿದಾಕಿ ನಾನು. ನೀವು ನನ್ನ ನೋಡಾಕ ಬಂದಾಗ. ಅಷ್ಟ್ ಛಂದ ಹಾಡಿದ್ರ ಇಷ್ಟ್ ವರ್ಷ ಯಾಕ ಹೇಳಲಿಲ್ಲ?"

೨. ಶಿರಹಟ್ಟಿಗೆ ಫೋನು

ಕಡೆಗೆ ಹುಡುಗನೇ ಬಾಯಿಬಿಟ್ಟ. "ಕಾಕಾ, ಶಿರಹಟ್ಟಿ ಹುಡುಗಿ ಆಗಬಹುದು. ನಾ ಪ್ಯಾಂಟಿನ ಮ್ಯಾಲೆ ಚಹಾ ಚೆಲ್ಲಿಕೊಂಡಾಗ ಎಲ್ಲಾರೂ ಸುಮ್ಮನಿದ್ರು, ಆಕಿ ಒಬ್ಬಾಕಿನ ನಕ್ಕಳು."

ಫೋನು ಹಚ್ಚಿದೆ. ಹುಡುಗಿಯ ತಂದೆ ಬಹಳ ಯೋಚಿಸಿದರು. "ಚಹಾ ಚೆಲ್ಲಿದಾವ್ರು ಯಾರೂ ನೆನಪಿಲ್ರಿ. ಮ್ಯಾಲಿಂದ ಮ್ಯಾಲೆ ಉಪ್ಪಿಟ್ಟು ಹಾಕಿಸಿಕೊಂಡ ಹಿರ್ಯಾರು ಒಬ್ರು ಬಂದಿದ್ರು, ಅವ್ರು ನೀವ ಏನ್ರಿ?"

"ಅವ್ರು ಬ್ಯಾರೆ ಇರಬೇಕ್ರಿ" ಎಂದು ಫೋನು ಇಟ್ಟೆ.

೩. ಮುಂಡರಗಿಯ ಅರ್ಧ ಕಪ್ಪು

ಹಾಗಾದರೆ ನಕ್ಕವಳು ಮುಂಡರಗಿಯವಳೇ ಇರಬೇಕೆಂದು ಮತ್ತೆ ಅಲ್ಲಿಗೆ ಹೋದೆವು. ಹುಡುಗಿ ಎಲ್ಲರಿಗೂ ಕಪ್ಪು ತುಂಬ ಚಹಾ ಕೊಟ್ಟು, ನಮ್ಮ ಹುಡುಗನಿಗೆ ಮಾತ್ರ ಅರ್ಧ ಕೊಟ್ಟಳು. "ಹ್ವಾದ ಸಲ ಚೆಲ್ಲಿಕೊಂಡಿದ್ರಲ್ರಿ, ಅದಕ್ಕ."

ಹುಡುಗನ ಮುಖ ಅರಳಿತು. ನನಗಂತೂ ಕಣ್ಣು ತುಂಬಿ ಬಂತು. ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ಸಿಕ್ಕವರಿಗೆಲ್ಲ ನಾನು ಚಹಾದ ಕಥೆ ಹೇಳಿದ್ದೇ ಹೇಳಿದ್ದು.

ಮೊನ್ನೆ ಸೊಸೆ ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದಳಂತೆ: "ಅತ್ತೀ, ಈಗ ನೆನಪಾತ್ರಿ. ಚಹಾ ಚೆಲ್ಲಿದಾಂವಗ ದೊಡ್ಡ ಮೀಸಿ ಇದ್ದುವು. ಇವ್ರಲ್ಲ."

ನಮ್ಮ ಹುಡುಗ ಮೀಸೆ ಬಿಟ್ಟವನೇ ಅಲ್ಲ. ಗಾಬರಿಯಾಗಿ ಅವನನ್ನು ಕರೆದು ಕೇಳಿದೆ.

"ನನಗೂ ಗೊತ್ತೈತಿ ಕಾಕಾ. ನಕ್ಕಾಕಿಗೆ ಗಲ್ಲದ ಮ್ಯಾಲೆ ಕುಣಿ ಬೀಳತಿತ್ತು. ಈಕಿಗೆ ಇಲ್ಲ. ಮದಿವ್ಯಾಗ ಅಕ್ಕಿಕಾಳು ಬಿದ್ದ ಮ್ಯಾಲೆ ಲಕ್ಷ್ಯಕ್ಕ ಬಂತು."

"ಮತ್ತ ಈಗೇನು ಮಾಡೂದಲೇ?"

"ಮಾಡೇನಲ್ಲ. ಮುಂಜಾನೆ ಬೇಕಂತನ ಚಹಾ ಚೆಲ್ಲಿಕೊಂಡೆ. ಈಕಿನೂ ನಕ್ಕಳು. ಈಗ ಖರೆ ಆತಿಲ್ಲೋ?"